ಹಾಸಿಗೆ ಲಾರಿಯಲ್ಲಿ ಹಲ್ಲಿನ ಸಾಮಾನು

ಹಾಸಿಗೆ ತುಂಬಿದ ಲಾರಿ ಎಂದರೆ ಗಾಳಿ ತುಂಬಿದ ಲಾರಿ. ಇದನ್ನು ಕಂಡುಹಿಡಿದವಳು, ಮನೆಯವರೆಲ್ಲ ತಕ್ಕಡಿ ಎಂದು ಕರೆಯುತ್ತಿದ್ದ ಹುಡುಗಿ. ಫೋಮಿನ ತುಂಡೊಂದನ್ನು ತೂಗಿ, ಅಳೆದು, ಅದರ ಒಳಗಿರುವುದು ಹೆಚ್ಚುಕಡಿಮೆ ಬರೀ ಗಾಳಿಯೇ ಎಂದು ಲೆಕ್ಕ ತೋರಿಸಿದಾಗ ಅವಳ ಚಿಕ್ಕಪ್ಪ, "ಹಾಗಾದ್ರೆ ನಾನು ಇಷ್ಟು ವರ್ಷ ಸಾಗಿಸಿದ್ದು ಗಾಳೀನಾ?" ಎಂದು ಎದೆಯ ಮೇಲೆ ಕೈ ಇಟ್ಟುಕೊಂಡಿದ್ದ. ಆಮೇಲೆ ಅದೇ ಮಾತನ್ನು ಊರೆಲ್ಲ ಹೆಮ್ಮೆಯಿಂದ ಹೇಳಿಕೊಂಡು ತಿರುಗಿದ. ತುಂಬಿದಾಗ ಅವನ ಲಾರಿ ಗಾಳಿ ಬೀಸಿದ ಕಡೆಗೆ ಓಲಾಡುತ್ತ ಓಡುತ್ತಿತ್ತು. ಖಾಲಿಯಾದಾಗ ಕುಣಿಯುತ್ತ ಬರುತ್ತಿತ್ತು.

ಆ ಕುಣಿತವೇ ಅಜ್ಜಿಯ ಕಣ್ಣು ಕುಕ್ಕುತ್ತಿದ್ದದ್ದು.

ಒಂದೇ ಒಂದು ಹೊಲಿಗೆ ಯಂತ್ರದಿಂದ ಶುರುಮಾಡಿ ಹಾಸಿಗೆ ಕಾರ್ಖಾನೆ ಕಟ್ಟಿದವಳು ಅಜ್ಜಿ. ಲಾರಿ ಇದ್ದದ್ದು ಅವಳ ಹೆಸರಿನಲ್ಲಿ, ಓಡಿಸುತ್ತಿದ್ದವನು ಅವಳ ಕಿರಿಯ ಮಗ, ಅಂದರೆ ಐವತ್ತರ ಹೊಸ್ತಿಲಲ್ಲಿ ನಿಂತೂ ಮದುವೆಯಾಗದೆ ಉಳಿದಿದ್ದ ಚಿಕ್ಕಪ್ಪ. ತಕ್ಕಡಿ ಹಿರಿಯ ಮಗನ ಮಗಳು. ಭೌತಶಾಸ್ತ್ರ ಓದಿ ಬಂದು ಕಾರ್ಖಾನೆಯಲ್ಲೇ ಫೋಮಿನ ಮೇಲೆ ತೂಕ ಹೇರಿ ಎಷ್ಟು ತಗ್ಗಿತು, ಎಷ್ಟು ಎದ್ದಿತು ಎಂದು ಪರೀಕ್ಷಿಸುವುದು ಅವಳ ಕೆಲಸ. ಚಿಕ್ಕವಳಿದ್ದಾಗ ತನಗೂ ತಮ್ಮನಿಗೂ ಹಾಕಿದ ಊಟ ಸಮನಾಗಿದೆಯೋ ಇಲ್ಲವೋ ಎಂದು ನೋಡದೆ ತುತ್ತು ಎತ್ತುತ್ತಿರಲಿಲ್ಲವಂತೆ. ಆವತ್ತು ಬಿದ್ದ ಹೆಸರು ಮತ್ತೆ ಬಿಡಲಿಲ್ಲ.

"ಹೋಗುವಾಗ ತುಂಬಿಕೊಂಡು ಹೋಗತ್ತೆ, ಬರುವಾಗ ಹಲ್ಲು ಕಿರ್ಕೊಂಡು ಖಾಲಿ ಬರತ್ತೆ," ಎಂದಳು ಅಜ್ಜಿ. "ಬರೋ ದಾರಿಗೂ ಡೀಸೆಲ್ ಕುಡಿಯತ್ತಲ್ಲ! ಪರ್ಮಿಟ್ಟು ಶುಕ್ರವಾರಕ್ಕೆ ಮುಗಿಯತ್ತೆ. ಹೊಸದು ಮಾಡಿಸೋದು ಬೇಡ, ಲಾರಿ ಮಾರಿಬಿಡೋಣ. ಹಾಸಿಗೆ ಕಳಿಸೋಕೆ ಹೊರಗಿನ ಲಾರಿ ಯಾವುದಾದ್ರೂ ಕರೆದ್ರಾಯ್ತು. ನೀನು ಒಳಗೆ ಬಂದು ದಿಂಬಿನ ವಿಭಾಗ ನೋಡ್ಕೋ."

ಚಿಕ್ಕಪ್ಪನ ಮುಖ ಹೊಲಿಗೆ ಬಿಚ್ಚಿದ ದಿಂಬಿನಂತೆ ಆಯಿತು. ಅವನಿಗೆ ಸ್ಟಿಯರಿಂಗ್ ಹಿಡಿದಾಗ ಮಾತ್ರ ಮಾತು ಬರುತ್ತಿತ್ತು, ಹಾಡು ಬರುತ್ತಿತ್ತು, ಬುದ್ಧಿಯೂ ಬರುತ್ತಿತ್ತು. ನೆಲದ ಮೇಲೆ ನಿಲ್ಲಿಸಿದರೆ ಅವನು ಕೈ ಎಲ್ಲಿಡಬೇಕೆಂದು ತಿಳಿಯದ ಮನುಷ್ಯ. ತಕ್ಕಡಿಗೆ ಸೈಕಲ್ಲಿನಿಂದ ಹಿಡಿದು ಲಾರಿಯ ತನಕ ಎಲ್ಲ ಕಲಿಸಿದವನು ಅವನು. ಆ ರಾತ್ರಿ ಊಟ ಬಡಿಸುವಾಗಲೇ ಅವಳು ಅವನ ಕಿವಿಯಲ್ಲಿ, "ಲಾರಿ ಎಲ್ಲೂ ಹೋಗಲ್ಲ ಚಿಕ್ಕಪ್ಪ, ನಾನಿದೀನಿ," ಎಂದುಬಿಟ್ಟಳು. ಹೇಳುವುದು ಸುಲಭ.

ಸಾರಿಗೆ ಕಚೇರಿಯ ಪ್ರಕಾರ ಲಾರಿಗಳಲ್ಲಿ ಎರಡು ಜಾತಿ. ಒಂದು ಸ್ವಂತ ಸರಕಿನದು: ನೀವು ಮಾಡಿದ್ದನ್ನು, ನೀವು ಕೊಂಡದ್ದನ್ನು, ನಿಮ್ಮ ವ್ಯಾಪಾರಕ್ಕೆ ಬೇಕಾದ್ದನ್ನು ಮಾತ್ರ ಹೇರಬಹುದು. ಬೇರೆಯವರ ಒಂದು ಸ್ಟೂಲನ್ನು ಕಾಸು ತೆಗೆದುಕೊಂಡು ಸಾಗಿಸಿದರೂ ತಪ್ಪು. ಇನ್ನೊಂದು ಬಾಡಿಗೆಯದು: ಯಾರದ್ದನ್ನು ಬೇಕಾದರೂ ಹೇರಿ, ಹಣ ಪಡೆಯಿರಿ, ಆದರೆ ಒಡೆದರೆ, ನೆನೆದರೆ, ಕಳೆದರೆ ಉತ್ತರ ಹೇಳುವವರು ನೀವೇ. ಅದಕ್ಕೆ ಬೇರೆ ವಿಮೆ, ಬೇರೆ ತೆರಿಗೆ, ಬೇರೆ ತಪಾಸಣೆ.

"ಬಾಡಿಗೆಗೆ ಹಾಕಿದ್ರೆ ಬರೋ ದಾರೀಲೂ ಸರಕು ಸಿಗತ್ತೆ ಅಜ್ಜಿ," ಎಂದು ತಕ್ಕಡಿ ವಿವರಿಸಿದಳು.

"ಬಾಡಿಗೆ ಅನ್ನೋ ಮಾತು ಈ ಮನೇಲಿ ಎತ್ತಬೇಡ," ಎಂದಳು ಅಜ್ಜಿ. "ಬಾಡಿಗೆ ಮನೇಲಿ ಇದ್ದು, ಬಾಡಿಗೆ ಮಿಷನ್ನಲ್ಲಿ ಹೊಲಿದು ಸಾಕಾಗಿದೆ ನನಗೆ. ಆ ಲಾರಿ ಬಾಗಿಲ ಮೇಲೆ 'ಸ್ವಂತ' ಅಂತ ಬರೆಸಿದ ದಿನ ನಾನು ಊಟಾನೇ ಮಾಡ್ಲಿಲ್ಲ, ಅಷ್ಟು ಖುಷಿ."

ತಕ್ಕಡಿ ತನ್ನ ಸ್ವಭಾವಕ್ಕೆ ತಕ್ಕ ಹಾಗೆ ಎರಡೂ ಬಗೆಯ ಅರ್ಜಿ ತುಂಬಿ, ವಿಮೆಯವರ ಹತ್ತಿರ ಎರಡಕ್ಕೂ ಮಾತಾಡಿ, ಸ್ವಂತದ್ದನ್ನು ನೀಲಿ ಫೈಲಿಗೂ ಬಾಡಿಗೆಯದನ್ನು ಹಳದಿ ಫೈಲಿಗೂ ಹಾಕಿದಳು. ಅಜ್ಜಿ ಮೊಮ್ಮಗಳ ಮುಖ ನೋಡಿ ಎರಡಕ್ಕೂ ಸಹಿ ಹಾಕಿದಳು. "ಆದ್ರೆ ನನ್ನ ಬಾಯಿಂದ ಹ್ಞೂಂ ಅಂತ ಬರೋ ತನಕ ಹಳದಿ ತೆಗೆದ್ಯೋ, ಕೈ ಮುರೀತೀನಿ."

ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ ಎರಡು ದಿನ ಕಳೆಯಿತು. ಗುರುವಾರ ಪರೀಕ್ಷಾ ಕೋಣೆಯಲ್ಲಿ ಫೋಮಿನ ಮೇಲಿಂದ ತೂಕದ ಕಲ್ಲು ಎತ್ತುತ್ತಿದ್ದಾಗ ತಕ್ಕಡಿಯ ತಲೆಯಲ್ಲಿ ದೀಪ ಹತ್ತಿಕೊಂಡಿತು. ಅವಳು ಅಂಗಳಕ್ಕೆ ಓಡಿದಳು. ಚಿಕ್ಕಪ್ಪ ಲಾರಿಯ ಗಾಜು ಒರೆಸುತ್ತಿದ್ದ.

"ಚಿಕ್ಕಪ್ಪ! ಸ್ವಂತ ಸರಕು ಅಂದ್ರೇನು? ನಾವು ಕೊಂಡದ್ದು. ಹೌದಾ?"

"ಹೌದು."

"ಯಾರದ್ದಾದ್ರೂ ಸಾಮಾನು ಸಾಗಿಸ್ಬೇಕು ಅಂತಿಟ್ಕೋ. ಹೇರುವಾಗ ಅದನ್ನ ನಾವು ಕೊಂಡ್ಕೊಳ್ಳೋದು. ಆಗ ಅದು ನಮ್ಮದು. ಸ್ವಂತ! ಇಳಿಸುವಾಗ ಅವರಿಗೇ ಸ್ವಲ್ಪ ಹೆಚ್ಚಿಗೆ ಮಾರಿಬಿಡೋದು. ಬಾಡಿಗೆ ಅನ್ನೋ ಮಾತೇ ಬರಲ್ಲ!"

ಚಿಕ್ಕಪ್ಪ ಒರೆಸುವ ಬಟ್ಟೆಯನ್ನು ಗಾಳಿಗೆ ಎಸೆದ. ಅದು ಅವನ ತಲೆಯ ಮೇಲೇ ಬಿತ್ತು. "ತಕ್ಕಡೀ, ನೀನು ಓದಿದ್ದು ಸಾರ್ಥಕ ಕಣೇ! ನಾಳೇನೇ ಶುರು. ನನಗೊಬ್ಬರು ಗಿರಾಕಿ ಗೊತ್ತು."

ಗಿರಾಕಿ ಎಂದರೆ ಹಲ್ಲಿನ ಡಾಕ್ಟರಮ್ಮ. ದೂರದ ಊರಿನಲ್ಲಿ ಕ್ಲಿನಿಕ್ ಇಟ್ಟಿದ್ದವರು, ಅದನ್ನು ಇವರ ಊರಿಗೇ ಸ್ಥಳಾಂತರಿಸುತ್ತಿದ್ದರು. ಹೋದ ವರ್ಷ ಅವರಿಗೆ ಒಂದು ಹಾಸಿಗೆ ಕೊಟ್ಟದ್ದು ತಕ್ಕಡಿಗೆ ನೆನಪಿತ್ತು. ಆ ಒಂದು ಹಾಸಿಗೆಯ ಸ್ಪ್ರಿಂಗ್ ಸರಿಯಿದೆಯೇ ಎಂದು ನೋಡಲು ಚಿಕ್ಕಪ್ಪ ಆಗಾಗ ಹೋಗಿಬರುತ್ತಿದ್ದದ್ದು ಮಾತ್ರ ಈಗಷ್ಟೇ ಗೊತ್ತಾಯಿತು.

"ಖಾತರಿ ಕೊಟ್ಟಿದೀವಲ್ಲ," ಎಂದ ಚಿಕ್ಕಪ್ಪ, ಟೈರನ್ನು ಒದೆಯುತ್ತ.

"ಬೇರೆ ಯಾರ ಹಾಸಿಗೆ ನೋಡೋಕೆ ಹೋಗಿದ್ಯಾ?"

"ಬೇರೆಯವರದ್ದು ಸರಿಯಾಗಿರತ್ತೆ."

ಶುಕ್ರವಾರ ಬೆಳಿಗ್ಗೆ ಒಂದು ಹಾಸ್ಟೆಲಿಗೆ ಹಾಸಿಗೆ ಇಳಿಸಿ ಅವರಿಬ್ಬರೂ ಡಾಕ್ಟರಮ್ಮನ ಕ್ಲಿನಿಕ್ಕಿಗೆ ಹೋದರು. ಗಟ್ಟಿ ಮೈಕಟ್ಟಿನ, ಗಟ್ಟಿ ನಗುವಿನ ಹೆಂಗಸು. ಮಾತಾಡುವವರ ಕಣ್ಣು ನೋಡದೆ ಬಾಯಿ ನೋಡುವ ಅಭ್ಯಾಸ. ತಕ್ಕಡಿ ಕೊಳ್ಳುವ–ಮಾರುವ ಉಪಾಯ ವಿವರಿಸಿದಾಗ ಅವರು ಬಾಗಿಲ ಚೌಕಟ್ಟು ಹಿಡಿದುಕೊಂಡು ನಕ್ಕರು.

"ಅಂದ್ರೆ ದಾರಿ ಉದ್ದಕ್ಕೂ ನನ್ನ ಕ್ಲಿನಿಕ್ಕು ನಿಮ್ಮ ಚಿಕ್ಕಪ್ಪಂದು?"

"ಕಾನೂನು ಪ್ರಕಾರ."

"ಆಮೇಲೆ ಇವರು ವಾಪಸ್ಸು ಮಾರಲ್ಲ ಅಂದ್ರೆ?"

"ಛೇ ಛೇ!" ಎಂದು ಚಿಕ್ಕಪ್ಪ ಹೌಹಾರಿದ. "ಹಲ್ಲು ಕೀಳೋ ಇಕ್ಕಳ ಇಟ್ಕೊಂಡು ನಾನೇನು ಮಾಡ್ಲಿ?"

ಹೀಗೆ ಚಿಕ್ಕಪ್ಪ ಒಂದು ಹಲ್ಲಿನ ಕುರ್ಚಿ, ಅದರ ತಲೆಯ ಮೇಲಿನ ದೀಪ, ಬಾಯಿ ಮುಕ್ಕಳಿಸುವ ಬೋಗುಣಿ, ಎರಡು ಬೀರು, ಮತ್ತು ಪೆಟ್ಟಿಗೆಗಟ್ಟಲೆ ಪ್ಲಾಸ್ಟರಿನ ಹಲ್ಲಿನ ಅಚ್ಚುಗಳ ಒಡೆಯನಾದ. ಅಚ್ಚುಗಳು ಒಡೆಯದಂತೆ ತಕ್ಕಡಿ ಪೆಟ್ಟಿಗೆ ಪೆಟ್ಟಿಗೆಯ ನಡುವೆಯೂ ದಿಂಬು ತುರುಕಿದಳು. ಡಾಕ್ಟರಮ್ಮ ಕ್ಯಾಬಿನ್ನಿನಲ್ಲಿ ನಡುವೆ ಕೂತರು. ಲಾರಿ ಹೊರಟಿತು. ಚಿಕ್ಕಪ್ಪ ಹಾಡಲಿಲ್ಲ. ಅದು ವಿಚಿತ್ರ ಅನ್ನಿಸಿತು ತಕ್ಕಡಿಗೆ. ಹಾಡುವುದಿರಲಿ, ಗೇರು ಬದಲಿಸುವಾಗಲೆಲ್ಲ "ಕ್ಷಮಿಸಿ" ಎನ್ನುತ್ತಿದ್ದ.

ಊರು ಇನ್ನು ಸ್ವಲ್ಪ ದೂರ ಇದೆ ಎನ್ನುವಾಗ ತಪಾಸಣೆಯ ಗೇಟಿನಲ್ಲಿ ಕೈ ಅಡ್ಡ ಬಂತು.

ಸಾರಿಗೆ ಇನ್‌ಸ್ಪೆಕ್ಟರು ಸಣ್ಣ ಆಳು, ದೊಡ್ಡ ಕನ್ನಡಕ, ಅವಸರವೇ ಇಲ್ಲದ ದನಿ. ಬಾಗಿಲ ಮೇಲಿನ 'ಸ್ವಂತ ಸರಕು' ಓದಿದರು. ಅದರ ಕೆಳಗಿನ ಹಾಸಿಗೆಯ ಚಿತ್ರ ನೋಡಿದರು. ಹಿಂದಿನ ಬಾಗಿಲು ತೆಗೆಸಿ ಒಂದು ಪೆಟ್ಟಿಗೆಯ ಮುಚ್ಚಳ ಎತ್ತಿದರು. ಒಳಗಿಂದ ಸಾಲು ಸಾಲು ದವಡೆಗಳು ಅವರನ್ನು ನೋಡಿ ನಕ್ಕವು.

"ಈ ಹಲ್ಲುಗಳು ಯಾರದ್ದು?"

"ನಂದೇ ಸಾರ್," ಎಂದ ಚಿಕ್ಕಪ್ಪ.

"ಎಲ್ಲಾನೂ?"

"ಎಲ್ಲಾನೂ."

ಇನ್‌ಸ್ಪೆಕ್ಟರು ಅವನ ಬಾಯಿಯನ್ನೊಮ್ಮೆ, ಪೆಟ್ಟಿಗೆಯನ್ನೊಮ್ಮೆ ನೋಡಿದರು. "ಹಾಸಿಗೆ ಮಾಡೋರಿಗೆ ಹಲ್ಲು ಯಾಕ್ರೀ?"

ತಕ್ಕಡಿ ಮುಂದೆ ಬಂದಳು. "ಕೊಂಡ್ಕೊಂಡಿದೀವಿ ಸಾರ್. ರಸೀದಿ ಇದೆ. ಮಾರೋಕೆ ತಗೊಂಡು ಹೋಗ್ತಿದೀವಿ."

"ಯಾರ ಹತ್ರ ಕೊಂಡಿದ್ದು?"

"ಇವರ ಹತ್ರ," ಎಂದು ಅವಳು ಡಾಕ್ಟರಮ್ಮನ ಕಡೆ ಕೈ ತೋರಿಸಿದಳು.

"ಯಾರಿಗೆ ಮಾರೋದು?"

ಅವಳಿಗೆ ಸುಳ್ಳು ಬರುತ್ತಿರಲಿಲ್ಲ. ತೋರಿಸಿದ ಕೈ ಇನ್ನೂ ಅಲ್ಲೇ ಇತ್ತು. "ಇವರಿಗೇ."

ಇನ್‌ಸ್ಪೆಕ್ಟರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. "ನೋಡಮ್ಮಾ, ಇವರ ಹತ್ರ ಕೊಂಡು ಇವರಿಗೇ ಮಾರಿದ ಮೇಲೆ ಮಧ್ಯೆ ನಿಮ್ಮ ಕೈಯಲ್ಲಿ ಏನೋ ಉಳಿಯತ್ತಲ್ಲ, ಅದಕ್ಕೆ ಕನ್ನಡದಲ್ಲಿ ಬಾಡಿಗೆ ಅಂತಾರೆ. ನಾವು ಚಾಪೆ ಕೆಳಗೆ ತೂರೋರನ್ನ ನೋಡಿದೀವಿ. ನೀವು ಹಾಸಿಗೆ ಕೆಳಗೇ ತೂರ್ತೀರಲ್ಲ!"

ತಕ್ಕಡಿಗೆ ಕಿವಿ ಬಿಸಿಯಾಯಿತು. ವ್ಯಾಖ್ಯೆಯ ಒಂದೊಂದು ಪದವನ್ನೂ ತೂಗಿ ನೋಡಿದ್ದಳು. ವ್ಯಾಪಾರ ಯಾತಕ್ಕೆ ಎನ್ನುವುದನ್ನೇ ತಟ್ಟೆಗೆ ಹಾಕಲು ಮರೆತಿದ್ದಳು.

"ಸಾಮಾನು ಇಲ್ಲೇ ಇಳಿಸಿ," ಎಂದರು ಇನ್‌ಸ್ಪೆಕ್ಟರು. "ಲಾರಿ ಗೇಟಿನ ಹಿಂದೆ ನಿಲ್ಲಿಸಿ. ಪರ್ಮಿಟ್ಟು ಇವತ್ತೇ ಮುಗಿಯತ್ತೆ ಬೇರೆ. ಹೀಗೆ ಬರೆದು ಕಳಿಸಿದ್ರೆ ಹೊಸದು ಕೊಡೋದು ಅನುಮಾನ."

ಪರ್ಮಿಟ್ಟು ಇಲ್ಲದಿದ್ದರೆ ಲಾರಿ ಇಲ್ಲ. ಅಜ್ಜಿಗೆ ಬೇಕಾಗಿದ್ದದ್ದೂ ಅಂಥದೇ ಒಂದು ನೆಪ. ತಕ್ಕಡಿ ಚಿಕ್ಕಪ್ಪನ ಕಡೆ ನೋಡಲಾರದೆ ನೆಲ ನೋಡುತ್ತಿದ್ದಳು. ಅಷ್ಟರಲ್ಲಿ ಅವನ ದನಿ ಕೇಳಿಸಿತು. ದಿಂಬಿನೊಳಗಿಂದ ಬಂದ ಹಾಗಿತ್ತು.

"ಸಾರ್... ಇವರು ಹೊರಗಿನವರಲ್ಲ. ಇವರು... ನಮ್ಮ ಮನೆಯವರು."

ಅವನು ಹೇಳಹೊರಟದ್ದು ಏನೋ, ಬೇಕಾದವರು ಎಂದೋ, ಪರಿಚಯದವರು ಎಂದೋ. ಬಾಯಿಗೆ ಬಂದದ್ದು ಮಾತ್ರ ಅದು. ಗಂಡಸೊಬ್ಬ ಪಕ್ಕದಲ್ಲಿರುವ ಹೆಂಗಸನ್ನು ತೋರಿಸಿ ಆ ಮಾತು ಹೇಳಿದರೆ ಯಾರೂ ಎರಡನೆಯ ಅರ್ಥ ಹುಡುಕುವುದಿಲ್ಲ. ಹೇಳಿ ಮುಗಿಸಿದ ಮೇಲೆ ಚಿಕ್ಕಪ್ಪನಿಗೂ ಅದು ಕೇಳಿಸಿತು. ಅವನ ಕಿವಿಗಳು ಹಿಂಬದಿಯ ಕೆಂಪು ದೀಪಗಳಂತೆ ಹೊತ್ತಿಕೊಂಡವು.

"ಓ," ಎಂದರು ಇನ್‌ಸ್ಪೆಕ್ಟರು. "ನಿಮ್ಮ ಹೆಂಡ್ತಿ ಸಾಮಾನಾದ್ರೆ ಮಾತು ಬೇರೆ. ಏನಮ್ಮಾ, ಹೌದಾ?"

ಡಾಕ್ಟರಮ್ಮ ಚಿಕ್ಕಪ್ಪನ ಬಾಯಿಯನ್ನೇ ನೋಡುತ್ತಿದ್ದರು. ಆಮೇಲೆ ನಿಟ್ಟುಸಿರಿನ ಜೊತೆ, "ನಮ್ಮ ಮನೆಯವರಿಗೆ ಯಾವ ಮಾತು ಎಲ್ಲಿ ಆಡ್ಬೇಕು ಅಂತ ಗೊತ್ತಾಗಲ್ಲ ಸಾರ್," ಎಂದರು.

ಲಾರಿಗೆ ಒರಗಿ ನಿಂತಿದ್ದ ತಕ್ಕಡಿ ಸ್ವಲ್ಪ ಜಾರಿದಳು.

"ಮದುವೆ ಆಗಿ ಎಷ್ಟು ವರ್ಷ ಆಯ್ತು?"

"ಹದಿನೈದು," ಎಂದರು ಡಾಕ್ಟರಮ್ಮ.

"ಈಗಷ್ಟೇ," ಎಂದ ಚಿಕ್ಕಪ್ಪ. ಎರಡೂ ಒಟ್ಟಿಗೇ ಬಂದವು.

ಇನ್‌ಸ್ಪೆಕ್ಟರ ಮುಖದಲ್ಲಿ ಕೆಲಸದ ಮೇಲಿರುವವರು ತಡೆದುಕೊಳ್ಳಬೇಕಾದ ನಗೆಯೊಂದು ಹೊರಳಾಡಿತು. "ಲಾರಿ ಮಾಲೀಕರ ನಂಬರು ಕೊಡಿ," ಎಂದರು. "ನಮ್ಮಜ್ಜಿ ಸಾರ್, ಇವರ ತಾಯಿ," ಎಂದು ತಕ್ಕಡಿ ನಂಬರು ಹೇಳಿದಳು. ಇನ್‌ಸ್ಪೆಕ್ಟರು ಫೋನು ಮಾಡಿ ಎಲ್ಲರಿಗೂ ಕೇಳುವ ಹಾಗೆ ಹಿಡಿದರು. ಆ ಕಡೆ ಹೊಲಿಗೆ ಯಂತ್ರಗಳ ಗದ್ದಲ, ಅದರ ಮೇಲೆ ಅಜ್ಜಿಯ ದನಿ.

"ಅಮ್ಮಾ, ತಪಾಸಣೆ ಗೇಟಿಂದ. ನಿಮ್ಮ ಲಾರೀಲಿ ನಿಮ್ಮ ಮಗ, ಮೊಮ್ಮಗಳು, ಸೊಸೆ ಇದಾರೆ. ಸೊಸೆ ಸಾಮಾನು ತುಂಬಿದಾರೆ. ನಿಜಾನಾ?"

"ನನ್ನ ಸೊಸೆ ಇಲ್ಲೇ ಇದಾಳಲ್ಲ, ದಿಂಬು ತುಂಬ್ತಾ."

"ಆ ಸೊಸೆ ಅಲ್ಲಮ್ಮ. ಚಿಕ್ಕ ಸೊಸೆ. ಲಾರಿ ಓಡಿಸೋ ಮಗನ ಹೆಂಡ್ತಿ. ಹಲ್ಲಿನ ಡಾಕ್ಟರು."

ಬರೀ ಯಂತ್ರಗಳ ಸದ್ದು. ಆಮೇಲೆ ಅಜ್ಜಿ ಕಿರುಚಿದಳು: "ಮಿಷನ್ ನಿಲ್ಸ್ರೋ! ಎಲ್ಲಾ ಮಿಷನ್ ನಿಲ್ಸ್ರೋ!" ಒಂದೊಂದಾಗಿ ಯಂತ್ರಗಳು ನಿಂತವು. ಆ ಮೌನದಲ್ಲಿ ಅಜ್ಜಿ ಕೇಳಿದಳು, "ಡಾಕ್ಟರಾ?"

"ಡಾಕ್ಟರು."

"ಹೌದು ಸಾರ್! ನನ್ನ ಸೊಸೆನೇ! ನೂರಕ್ಕೆ ನೂರು ನನ್ನ ಸೊಸೆ! ಯಾರು ಇಲ್ಲ ಅಂದಿದ್ದು? ಎತ್ತರ ಇದಾಳಾ? ಫೋನು ಕೊಡಿ ಅವಳಿಗೆ!"

ಎಲ್ಲವೂ ಮುಗಿದಂತೆಯೇ. ಮಾಲೀಕಳೇ ಒಪ್ಪಿದ ಮೇಲೆ ಇನ್‌ಸ್ಪೆಕ್ಟರು ಕೈ ಬೀಸಿ ಕಳಿಸಬಹುದಿತ್ತು. ಸ್ವಂತ ಸರಕು, ಸ್ವಂತ ಸೊಸೆ. ಆದರೆ ತಕ್ಕಡಿಯ ತಲೆ ಸುಮ್ಮನಿರುವ ಜಾತಿಯದಲ್ಲ. ಇವತ್ತು ಸುಳ್ಳು ದಾಟಿಸುತ್ತದೆ, ಸರಿ. ಮುಂದಿನ ವಾರ? ಮತ್ತೆ ಹೋಗುವಾಗ ತುಂಬಿ, ಬರುವಾಗ ಖಾಲಿ. ಮತ್ತೆ ಅಜ್ಜಿಯ ಕಣ್ಣು ಲಾರಿಯ ಮೇಲೆ. ಬರುವ ದಾರಿಗೊಂದು ಸರಕು ಬೇಕೆಂದು ಪ್ರತಿ ಸಲವೂ ಚಿಕ್ಕಪ್ಪನಿಗೆ ಒಂದೊಂದು ಮದುವೆ ಮಾಡಿಸಲಾಗುತ್ತದೆಯೇ? ಅದೂ ಅಲ್ಲದೆ, ಅವನು ಜೀವಮಾನದಲ್ಲಿ ಧೈರ್ಯ ಮಾಡಿ ಆಡಿದ ಒಂದೇ ಒಂದು ಮಾತು ಪರ್ಮಿಟ್ಟಿಗಾಗಿ ಆಡಿದ ಸುಳ್ಳಾಗಿ ಉಳಿದುಹೋಗುತ್ತದೆ.

ಅವಳು ಫೋನು ಈಸಿಕೊಂಡಳು.

"ಅಜ್ಜಿ, ನಾನು. ಸಾರ್, ನೀವೂ ಕೇಳಿಸ್ಕೊಳ್ಳಿ. ಇವರ ಮದುವೆ ಆಗಿಲ್ಲ. ಚಿಕ್ಕಪ್ಪ ಬಾಯಿ ತಪ್ಪಿ ಹಾಗಂದ. ಕೊಳ್ಳೋದು–ಮಾರೋದು ನನ್ನ ತಲೆಹರಟೆ, ಅದಕ್ಕೆ ದಂಡ ಹಾಕಿ ಸಾರ್, ಕಟ್ತೀನಿ."

"ಆಗಿಲ್ವಾ?" ಅಜ್ಜಿಯ ದನಿ ಗಾಳಿ ಹೋದ ಫೋಮಿನಂತೆ ಕುಸಿಯಿತು.

"ಆಗಿಲ್ಲ. ಆದ್ರೆ ಕೇಳು ಅಜ್ಜಿ. ಇಲ್ಲ ಅಂತಾನೂ ಅವರು ಹೇಳಿಲ್ಲ."

"ಅಂದ್ರೆ?"

"ಲಾರಿ 'ಸ್ವಂತ' ಅಂತಾನೇ ಉಳೀಬೇಕಾದ್ರೆ ಇವತ್ತೇ, ಈ ಗೇಟಲ್ಲೇ, ಈ ಸಾರ್ ಮುಂದೇನೇ ಅವರು ನಿನ್ನ ಸೊಸೆ ಆಗ್ಬೇಕು. ಹಾಗೆ ಕುತ್ತಿಗೆ ಮೇಲೆ ಕೂತ್ರೆ ಯಾರು ಒಪ್ತಾರೆ? ಬಾಡಿಗೆ ಅಂತಾದ್ರೆ ಅವರು ಗಿರಾಕಿ. ಮರ್ಯಾದೆಯಾಗಿ ಬಾಡಿಗೆ ಕೊಟ್ಟು, ನಮ್ಮೂರಿಗೆ ಬಂದು, ನಮ್ಮನ್ನೆಲ್ಲ ನೋಡಿ, ನಿಧಾನಕ್ಕೆ ಯೋಚನೆ ಮಾಡ್ತಾರೆ. ಹಳದಿ ಫೈಲು ನನ್ನ ಚೀಲದಲ್ಲೇ ಇದೆ. ಇಲ್ಲೇ ಪಕ್ಕದಲ್ಲಿ ಪರ್ಮಿಟ್ಟಿನ ಕೌಂಟರು ಇದೆ. ನೀನು ಹ್ಞೂಂ ಅನ್ಬೇಕು."

ಇನ್‌ಸ್ಪೆಕ್ಟರು, ಡಾಕ್ಟರಮ್ಮ, ಚಿಕ್ಕಪ್ಪ ಮೂವರೂ ಫೋನಿನ ಸುತ್ತ ತಲೆ ತಂದಿದ್ದರು. ಆ ಕಡೆ ಇಡೀ ಕಾರ್ಖಾನೆ ಉಸಿರು ಬಿಗಿಹಿಡಿದಿತ್ತು. ಅಜ್ಜಿಯದು ಲೆಕ್ಕದ ತಲೆ. ತಡವಾಗಲಿಲ್ಲ.

"ಹ್ಞೂಂ! ಹಳದೀನೇ ಹಾಕು. ಅವಸರ ಮಾಡಿ ಆ ಹುಡುಗಿನ ಹೆದರಿಸ್ಬೇಡಿ. ಬಾಡಿಗೆ ಕೆಟ್ಟದ್ದು ಅಂತ ಯಾರು ಹೇಳಿದ್ದು?"

"ನೀನೇ ಅಜ್ಜಿ."

"ನಾನು ಹೇಳಿದ್ದನ್ನ ಯಾವತ್ತು ಕೇಳಿದೀಯಾ ನೀನು? ಆಮೇಲೆ, ನೋಡು, ಅವಳ ಹತ್ರ ಬಾಡಿಗೆ ಮಾತ್ರ ತಗೋಬೇಡಿ."

"ತಗೊಳ್ಳದಿದ್ರೆ ಬಾಡಿಗೆ ಗಾಡಿ ಆಗಲ್ಲ ಅಜ್ಜಿ."

"ಹಾಗಾದ್ರೆ ತಗೊಂಡು, ಊಟಕ್ಕೆ ಕರಿ!"

ಯಂತ್ರಗಳು ಮತ್ತೆ ಶುರುವಾದವು, ಮೊದಲಿಗಿಂತ ಜೋರಾಗಿ.

ಕೌಂಟರಿನಲ್ಲಿ ಹಳದಿ ಫೈಲು ಹೋಯಿತು, ವಿಮೆಯವರಿಗೆ ಫೋನು ಹೋಯಿತು, ದಂಡ ಕಟ್ಟಿದ್ದಾಯಿತು. ತಾತ್ಕಾಲಿಕ ಚೀಟಿಗೆ ಇನ್‌ಸ್ಪೆಕ್ಟರು ಮುದ್ರೆ ಒತ್ತಿ, "ಸರಕಿನ ಯಜಮಾನರು?" ಎಂದು ಕೇಳಿದರು.

"ನಾನು," ಎಂದರು ಡಾಕ್ಟರಮ್ಮ. ಒಂದೇ ದಿನದಲ್ಲಿ ತಮ್ಮ ಹಲ್ಲುಗಳೆಲ್ಲ ತಮಗೇ ವಾಪಸ್ಸು ಬಂದದ್ದಕ್ಕೆ ಸಹಿ ಹಾಕಿದರು. ಬಾಡಿಗೆಯನ್ನು ತಕ್ಕಡಿಯ ಕೈಗೆ ಇಟ್ಟರು. ಅವಳು ಬದುಕಿನ ಮೊದಲ ಬಾಡಿಗೆ ರಸೀದಿಯನ್ನು ಎರಡೆರಡು ಸಲ ಓದಿ ಹರಿದುಕೊಟ್ಟಳು.

ಲಾರಿ ಹತ್ತಿ ಕೂತರು. ಚಿಕ್ಕಪ್ಪ ಇಂಜಿನ್ ಶುರುಮಾಡಿ, ಗಾಜಿನಾಚೆ ಗೇಟನ್ನೇ ನೋಡುತ್ತ, "ಆಗ ಅಂದದ್ದು... ಬಾಯಿ ತಪ್ಪಿ ಬಂತು," ಎಂದ.

"ಬಾಯಿ ವಿಷಯ ನನಗೆ ಬಿಡಿ," ಎಂದರು ಡಾಕ್ಟರಮ್ಮ. "ಅದರಲ್ಲಿ ಯಾವುದು ಸಡಿಲ, ಯಾವುದು ಬೇರು ಬಿಟ್ಟಿದೆ ಅಂತ ನೋಡಿದ ಕೂಡಲೇ ಗೊತ್ತಾಗತ್ತೆ ನನಗೆ."

"ಹಾಗಾದ್ರೆ ಅದು..."

"ಗಟ್ಟಿಯಾಗೇ ಇದೆ. ಕೀಳೋ ಹಾಗೆ ಕಾಣಲ್ಲ."

ಚಿಕ್ಕಪ್ಪನ ಕಾಲು ಕ್ಲಚ್ಚಿನ ಮೇಲಿಂದ ತಾನಾಗಿ ಎದ್ದುಹೋಯಿತು. ಲಾರಿ ಕಪ್ಪೆಯಂತೆ ಒಂದು ಸಲ ಹಾರಿ, ಗೇಟಿನ ಸರಿಯಾಗಿ ಮಧ್ಯದಲ್ಲಿ ನಿಂತುಹೋಯಿತು. ಹಿಂದೆ ಪೆಟ್ಟಿಗೆಗಳಲ್ಲಿ ದವಡೆಗಳೆಲ್ಲ ಕಟಕಟ ಎಂದವು. ಚಿಕ್ಕಪ್ಪ ಕೀಲಿ ತಿರುಗಿಸುವುದನ್ನು ಬಿಟ್ಟು ದೊಡ್ಡ ದನಿಯಲ್ಲಿ ಹಾಡತೊಡಗಿದ. ತಕ್ಕಡಿ ಕಿಟಕಿಗೆ ಹಣೆ ಒತ್ತಿಕೊಂಡು, ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಹಿಂದೆ ಸಾಲುಗಟ್ಟಿದ ಲಾರಿಗಳ ಹಾರ್ನು ಒಂದರ ಮೇಲೊಂದು ಏರಿತು. ಇನ್‌ಸ್ಪೆಕ್ಟರು ಕನ್ನಡಕ ಹಿಡಿದುಕೊಂಡು ಓಡಿಬರುತ್ತ ಕೂಗುತ್ತಿದ್ದರು:

"ಸ್ವಂತವೋ ಬಾಡಿಗೆಯೋ, ಏನಾದ್ರೂ ಆಗಿ ಹೋಗ್ರೀ! ಮೊದಲು ದಾರಿ ಬಿಡ್ರೀ!"